ಸಂಪಾದಕರ ಉತ್ತರ: ಬಕ್ಲಿ ಅವರಿಗೆ ನಾಲ್ಕು ಪುಟ ಏಕೆ?

ಮಾನ್ಯರೇ,

ಅಮೆರಿಕದ ಬಲಪಂಥೀಯ ಅಂಕಣಕಾರ ವಿಲಿಯಂ ಎಫ್. ಬಕ್ಲಿ ಅವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮ್ಮನ್ನು ಕೆರಳಿಸಿದೆ. ‘ಕಪ್ಪು ಜನರಿಗೆ ಸಮಾನ ಹಕ್ಕು ಬೇಡವೆಂದವನಿಗೆ ನಾಲ್ಕು ಪುಟ ಏಕೆ?’ ಎಂದು ಕೇಳಿದ್ದೀರಿ. ಅಷ್ಟು ದೊಡ್ಡ ಮನುಷ್ಯನಾದರೆ ಅವನನ್ನು ಎಲ್ಲಿಂದ ತಿಳಿಯಲು ತೊಡಗಬೇಕು ಎಂದೂ ಕೇಳಿದ್ದೀರಿ. ಎರಡಕ್ಕೂ ಉತ್ತರಿಸುತ್ತೇನೆ.

ನಿಮ್ಮ ಆರೋಪ ನಿಜ. ಅದನ್ನು ಮೃದುಗೊಳಿಸಲು ನನಗೆ ಮನಸ್ಸಿಲ್ಲ. 1957ರ ಆಗಸ್ಟ್‌ನಲ್ಲಿ ಅವರ ‘ನ್ಯಾಷನಲ್ ರಿವ್ಯೂ’ ಪತ್ರಿಕೆ, ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರು ಸಂಖ್ಯೆಯಲ್ಲಿ ಕಡಿಮೆ ಇರುವಲ್ಲಿಯೂ ಅಧಿಕಾರ ಅವರ ಕೈಯಲ್ಲೇ ಇರಬೇಕು, ಸದ್ಯಕ್ಕೆ ಮುಂದುವರಿದ ಜನಾಂಗ ಅವರದೇ ಎಂದು ಸಂಪಾದಕೀಯ ಬರೆಯಿತು. ಅದಾದ ಕೆಲವೇ ದಿನಗಳಲ್ಲಿ ಅದೇ ಪತ್ರಿಕೆಯಲ್ಲಿ ಅದಕ್ಕೆ ವಿರೋಧವೂ ಅಚ್ಚಾಯಿತು. ಬರೆದವರು ಬ್ರೆಂಟ್ ಬೋಝೆಲ್. ಯೇಲ್ ವಿಶ್ವವಿದ್ಯಾಲಯದಲ್ಲಿ ಬಕ್ಲಿ ಅವರ ಜೊತೆ ವಾದಕ್ಕೆ ನಿಲ್ಲುತ್ತಿದ್ದ ಗೆಳೆಯ, ಆಮೇಲೆ ಅವರ ತಂಗಿಯ ಗಂಡ. ಸಂವಿಧಾನದ ಹದಿನೈದನೆಯ ತಿದ್ದುಪಡಿ ಬಣ್ಣದ ಆಧಾರದಲ್ಲಿ ಮತದ ಹಕ್ಕು ಕಸಿಯುವುದನ್ನು ನಿಷೇಧಿಸಿರುವಾಗ, ಕಾನೂನಿನ ಪರ ಎನ್ನುವ ಪತ್ರಿಕೆ ಇದನ್ನು ಹೇಗೆ ಸಮರ್ಥಿಸೀತು ಎಂಬುದು ಅವರ ತಕರಾರು. ‘ಆ ಕಾಲವೇ ಹಾಗಿತ್ತು’ ಎನ್ನುವವರಿಗೆ ನಾನು ತೋರಿಸುವುದು ಈ ಬರಹವನ್ನೇ. ಸರಿಯಾದ ಮಾತು ಬಕ್ಲಿ ಅವರ ಮನೆಯೊಳಗಿನಿಂದಲೇ ಬಂದಿತ್ತು. ಅವರು ಕೇಳಲಿಲ್ಲ.

ಹಾಗಿದ್ದೂ ನಾಲ್ಕು ಪುಟ ಏಕೆ? ಅಭಿಪ್ರಾಯ ಬರೆಯುವುದನ್ನೇ ಬದುಕಾಗಿಸಿಕೊಂಡವರಲ್ಲಿ ಅವರಷ್ಟು ಪರಿಣಾಮ ಬೀರಿದವರು ವಿರಳ. 1925ರಲ್ಲಿ ನ್ಯೂಯಾರ್ಕಿನಲ್ಲಿ ತೈಲ ಉದ್ಯಮಿಯ ಮನೆಯಲ್ಲಿ ಹುಟ್ಟಿದರು. 1951ರಲ್ಲಿ ತಮ್ಮದೇ ಯೇಲ್ ವಿಶ್ವವಿದ್ಯಾಲಯವು ದೇವರನ್ನೂ ಮುಕ್ತ ಮಾರುಕಟ್ಟೆಯನ್ನೂ ಕೈಬಿಟ್ಟಿದೆಯೆಂದು ಪುಸ್ತಕ ಬರೆದು ಹೆಸರಾದರು. 1955ರ ನವೆಂಬರ್‌ನಲ್ಲಿ, ಮೂವತ್ತು ತುಂಬುವ ಮೊದಲೇ, ‘ನ್ಯಾಷನಲ್ ರಿವ್ಯೂ’ ಆರಂಭಿಸಿದರು. ಚರಿತ್ರೆಗೆ ಅಡ್ಡ ನಿಂತು ‘ನಿಲ್ಲು’ ಎಂದು ಕೂಗುವುದು ಪತ್ರಿಕೆಯ ಕೆಲಸವೆಂದು ಮೊದಲ ಸಂಚಿಕೆಯಲ್ಲೇ ಸಾರಿದರು. ಪತ್ರಿಕೆ ನಷ್ಟದಲ್ಲೇ ನಡೆಯಿತು. ಚಂದಾದಾರರ ದೇಣಿಗೆ ಮತ್ತು ಬಕ್ಲಿ ತಮ್ಮ ಭಾಷಣಗಳಿಂದ ಗಳಿಸಿದ ಹಣ ಅದನ್ನು ಉಳಿಸಿದವು. ಅದರ ನಿಷ್ಠಾವಂತ ಓದುಗರಲ್ಲಿ ಒಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಜನ ಕೊಂಡು ಓದದೆ ಮುಚ್ಚಿಹೋಗಬಹುದಾಗಿದ್ದ ಪತ್ರಿಕೆಯೊಂದು ಕಾಲು ಶತಮಾನದಲ್ಲಿ ಒಬ್ಬ ಅಧ್ಯಕ್ಷರ ಬೌದ್ಧಿಕ ನೆಲೆಯಾಯಿತು. ಪತ್ರಿಕೆ ನಡೆಸುವ ಯಾರಾದರೂ ಇದನ್ನು ಎಡಬಲ ಮರೆತು ಅಭ್ಯಾಸ ಮಾಡಬೇಕು.

ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಪ್ರಸಂಗ. ಜಾನ್ ಬರ್ಚ್ ಸೊಸೈಟಿ ಎಂಬ ಉಗ್ರ ಕಮ್ಯುನಿಸ್ಟ್ ವಿರೋಧಿ ಸಂಘಟನೆ ಆಗ ಬಲಪಂಥದಲ್ಲಿ ಬೆಳೆಯುತ್ತಿತ್ತು. ಅದರ ಸ್ಥಾಪಕ ರಾಬರ್ಟ್ ವೆಲ್ಚ್, ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರೇ ಕಮ್ಯುನಿಸ್ಟರ ಕೈಯಾಳೆಂದು ಬರೆದವರು. ವೆಲ್ಚ್ ಬಕ್ಲಿ ಅವರ ಪತ್ರಿಕೆಗೆ ಹಣ ಕೊಟ್ಟಿದ್ದವರೂ ಹೌದು. ಪತ್ರಿಕೆಯ ಎಷ್ಟೋ ಚಂದಾದಾರರು ಆ ಸಂಘಟನೆಯ ಸದಸ್ಯರು. 1962ರಲ್ಲಿ ಬಕ್ಲಿ ವೆಲ್ಚ್ ವಿರುದ್ಧ ಸುದೀರ್ಘ ಲೇಖನ ಬರೆದರು. 1965ರಲ್ಲಿ ಇಡೀ ಸಂಘಟನೆಯನ್ನೇ ತಿರಸ್ಕರಿಸಿದರು. ಸಿಟ್ಟಿನ ಪತ್ರಗಳು ಬಂದವು, ಚಂದಾಗಳು ರದ್ದಾದವು. ಎದುರಾಳಿಯನ್ನು ಬಯ್ದು ಹೆಸರು ಮಾಡುವುದು ಸುಲಭ. ಚಪ್ಪಾಳೆಯೂ ಚಂದಾ ಹಣವೂ ಬರುವುದು ಅದರಿಂದಲೇ. ಅನ್ನ ಕೊಡುವ ಓದುಗರಿಗೆ ‘ನೀವು ನಂಬಿದ್ದು ಸುಳ್ಳು’ ಎಂದು ಬರೆಯಲು ಬೇರೆಯದೇ ಗಟ್ಟಿತನ ಬೇಕು. ಯಹೂದಿ ದ್ವೇಷದ ವಿಷಯದಲ್ಲೂ ಅವರು ಹೀಗೆಯೇ ನಡೆದುಕೊಂಡರು. ಅಂಥ ಬರಹಕ್ಕಾಗಿ ತಮ್ಮ ಬಹುಕಾಲದ ಸಹೋದ್ಯೋಗಿ ಜೋಸೆಫ್ ಸೋಬ್ರನ್ ಅವರನ್ನು ಬಹಿರಂಗವಾಗಿ ಖಂಡಿಸಿದರು. 1993ರಲ್ಲಿ ಸೋಬ್ರನ್ ಪತ್ರಿಕೆಯಿಂದ ಹೊರಬಿದ್ದರು.

ಇದಕ್ಕಾಗಿಯೇ 1957ರ ಸಂಪಾದಕೀಯ ನನಗೆ ನಿಮಗಿಂತ ಹೆಚ್ಚು ನೋವು ಕೊಡುತ್ತದೆ. ತಮ್ಮವರನ್ನು ಎದುರು ಹಾಕಿಕೊಳ್ಳುವ ತಾಕತ್ತು ಇಲ್ಲದವನ ತಪ್ಪು ಒಂದು ಬಗೆ. ಅದು ಧಾರಾಳವಾಗಿ ಇದ್ದೂ, ಬಸ್ಸಿನ ಹಿಂದಿನ ಆಸನಕ್ಕೆ ತಳ್ಳಿಸಿಕೊಂಡ, ಮತಗಟ್ಟೆಯಿಂದ ಓಡಿಸಿಕೊಂಡ ಜನರಿಗಾಗಿ ಅದನ್ನು ಬಳಸದವನ ತಪ್ಪು ಬೇರೆ. 2004ರಲ್ಲಿ ಟೈಮ್ ಪತ್ರಿಕೆಗೆ ಅವರು, ವರ್ಣಭೇದದ ಕಾನೂನುಗಳಿಂದ ಸಮಾಜ ತಾನಾಗಿಯೇ ಹೊರಬರುತ್ತದೆಂದು ನಂಬಿದ್ದು ತಪ್ಪು, ಕೇಂದ್ರ ಸರ್ಕಾರದ ಮಧ್ಯಪ್ರವೇಶ ಬೇಕೇ ಇತ್ತು ಎಂದು ಹೇಳಿದರು. ನಲವತ್ತೇಳು ವರ್ಷಗಳ ನಂತರ. ಅದನ್ನು ಔದಾರ್ಯವೆಂದು ಹೊಗಳಲಾರೆ. ದಾಖಲಿಸದೆ ಬಿಡುವುದೂ ಅನ್ಯಾಯ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1965ರಲ್ಲಿ ನ್ಯೂಯಾರ್ಕಿನ ಮೇಯರ್ ಹುದ್ದೆಗೆ ಸ್ಪರ್ಧಿಸಿದರು. ಗೆದ್ದರೆ ಮೊದಲು ಏನು ಮಾಡುತ್ತೀರಿ ಎಂದಾಗ ‘ಮರುಎಣಿಕೆ ಕೇಳುತ್ತೇನೆ’ ಎಂದರು, ಶೇ. 13ರಷ್ಟು ಮತ ಬಂತು. 1968ರಲ್ಲಿ ಟಿ.ವಿ. ನೇರಪ್ರಸಾರದಲ್ಲಿ ಲೇಖಕ ಗೋರ್ ವಿಡಾಲ್ ಅವರನ್ನು ಹೊಲಸು ಮಾತಿನಿಂದ ಬೈದು, ಹೊಡೆಯುವ ಬೆದರಿಕೆ ಹಾಕಿದರು. ಇರಾಕ್ ಯುದ್ಧ ವಿಫಲವಾಯಿತೆಂದು 2006ರಲ್ಲಿ ಬರೆದಾಗ ಶ್ವೇತಭವನದಲ್ಲಿದ್ದದ್ದು ಅವರದೇ ರಿಪಬ್ಲಿಕನ್ ಪಕ್ಷ. 2008ರ ಫೆಬ್ರವರಿಯಲ್ಲಿ ಕನೆಕ್ಟಿಕಟ್‌ನ ತಮ್ಮ ಮನೆಯಲ್ಲಿ, ಬರೆಯುವ ಕೋಣೆಯಲ್ಲೇ ತೀರಿಕೊಂಡರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಪುಸ್ತಕದಿಂದ ಆರಂಭಿಸಬೇಡಿ. ‘ಫೈರಿಂಗ್ ಲೈನ್’ ಎಂಬ ಅವರ ಟಿ.ವಿ. ಸಂವಾದ 1966ರಿಂದ 1999ರವರೆಗೆ ನಡೆಯಿತು, 1500ಕ್ಕೂ ಹೆಚ್ಚು ಕಂತುಗಳು. ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ, ಬಾಕ್ಸರ್ ಮುಹಮ್ಮದ್ ಅಲಿ ಅವರಂತಹ ವಿರೋಧಿಗಳನ್ನು ಕರೆದು ಕೂರಿಸಿಕೊಂಡು ಸುದೀರ್ಘವಾಗಿ ಮಾತನಾಡಿದರು. ಕವಿ ಅಲೆನ್ ಗಿನ್ಸ್‌ಬರ್ಗ್ ಅಲ್ಲಿ ಹಾರ್ಮೋನಿಯಂ ನುಡಿಸುತ್ತ ‘ಹರೇ ಕೃಷ್ಣ’ ಹಾಡಿದ್ದನ್ನೂ ನೀವು ನೋಡಬಹುದು. ಆದರೆ ಅದಕ್ಕೂ ಮೊದಲು, 1965ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಚರ್ಚಾಸಂಘವಾದ ಕೇಂಬ್ರಿಜ್ ಯೂನಿಯನ್‌ನಲ್ಲಿ ಅಮೆರಿಕದ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ ಅವರೊಡನೆ ನಡೆದ ಚರ್ಚೆಯ ಚಿತ್ರೀಕರಣವನ್ನು ನೋಡಿ. ಅಮೆರಿಕದ ಕನಸು ಕಪ್ಪು ಜನರ ಬೆಲೆಯಲ್ಲಿ ನನಸಾಗಿದೆ ಎಂಬುದು ವಿಷಯ. ಬಾಲ್ಡ್‌ವಿನ್ ಮೊದಲು ಮಾತನಾಡಿದರು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆನಂತರ ಬಕ್ಲಿ. ಮತ ಎಣಿಸಿದಾಗ ಬಾಲ್ಡ್‌ವಿನ್ ಅವರ ಕಡೆ 544, ಬಕ್ಲಿ ಅವರ ಕಡೆ 164. ಇಬ್ಬರ ಮಾತನ್ನೂ ಪೂರ್ತಿ ಕೇಳಿ, ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಪ್ರಕಟಿಸುತ್ತೇವೆ.

— ಸಂಪಾದಕ