ಹೃದಯದ ಕವಾಟಕ್ಕೆ ಅಷ್ಟು ವರ್ಷ ಯಾಕೆ ಬೇಕು?

ಥ್ರೀಡಿ ಪ್ರಿಂಟರ್‌ನಲ್ಲಿ ಎರಡು ವಾರಕ್ಕೇ ಕೃತಕ ಹೃದಯ ಕವಾಟದ ಮಾದರಿ ಮಾಡಿದ್ದೀರಿ, ಭೇಷ್! ಮನುಷ್ಯರಿಗೆ ಹಾಕುವ ನಿಜವಾದದ್ದನ್ನು ಮಾಡೋಕೆ ವರ್ಷಗಟ್ಟಲೆ ಯಾಕೆ ಅಂತ ಕೇಳಿದ್ದೀರಲ್ಲ, ಒಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 72 ಬಡಿತ ಅಂದರೆ ದಿನಕ್ಕೆ ಲಕ್ಷಕ್ಕೂ ಜಾಸ್ತಿ, ವರ್ಷಕ್ಕೆ ಸುಮಾರು 3.8 ಕೋಟಿ. ಅಷ್ಟು ಸಲವೂ ಅದು ತೆರೆದು ಮುಚ್ಚಬೇಕು. ನಡುವೆ ಬಿಚ್ಚಿ ಎಣ್ಣೆ ಬಿಡೋಕಾಗಲ್ಲ!

ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯ ಕವಾಟದ ಕಥೆ ಓದಿ. ಹೃದಯ ಶಸ್ತ್ರಚಿಕಿತ್ಸಕ ಡಾ. ವಲಿಯತ್ತಾನ್ ಅವರ ತಂಡದ್ದು (ಆಮೇಲೆ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿ ಆದರಲ್ಲ, ಅವರೇ). ಮೊದಲಿನ ಮೂರು ಮಾದರಿಗಳೂ ಕೈಕೊಟ್ಟವು. ಒಂದರಲ್ಲಿ ಒಳಗೆ ತೆರೆದು ಮುಚ್ಚುವ ಬಿಲ್ಲೆಯನ್ನು ಕೃತಕ ನೀಲಮಣಿಯಿಂದ ಮಾಡಿದ್ದರು. ಸವೆಯೋದೇ ಇಲ್ಲದಂಥ ಗಟ್ಟಿ ವಸ್ತು ಅಲ್ವಾ? ಕುರಿಗೆ ಜೋಡಿಸಿದ ಮೇಲೆ ಅದು ಒಡೆದೇ ಹೋಯಿತು. ಗಟ್ಟಿಯಾದದ್ದು ಎಷ್ಟೋ ಸಲ ಪೆಡಸಾಗಿಯೂ ಇರುತ್ತದೆ, ಗಾಜಿನ ಹಾಗೆ.

ಕೊನೆಗೆ ಆ ಬಿಲ್ಲೆಗೆ ಗೆದ್ದದ್ದು ಪ್ಲಾಸ್ಟಿಕ್! ಕೃತಕ ಮಂಡಿ, ಸೊಂಟದ ಕೀಲಿಗೆ ಬಳಸುವ ಒಂದು ಬಗೆಯ ಪಾಲಿಥಿಲೀನ್. ಅದನ್ನು ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನಲ್ಲಿ ಕೂರಿಸಿದರು. 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ಮನುಷ್ಯರಿಗೆ ಹಾಕಿದರು. ಆಮೇಲೆ ಟಿಟಿಕೆ ಕಂಪನಿ ತಯಾರಿಕೆ ಶುರು ಮಾಡಿತು.

ನಿಮ್ಮ ಮಾದರಿಯ ಆಕಾರ ಸರಿಯಾಗೇ ಇರಬಹುದು. ಆದರೆ ಪ್ರಿಂಟರ್‌ನ ಪದರಗಳ ನಡುವೆ ಸಣ್ಣ ಗೀರು ಉಳಿಯುತ್ತವೆ, ಉಗುರು ಎಳೆದು ನೋಡಿ, ಗೊತ್ತಾಗುತ್ತೆ. ರಕ್ತ ಹೆಪ್ಪುಗಟ್ಟೋಕೆ ಅಂಥ ಜಾಗ ಸಾಕು. ಮೊದಲು ಅದನ್ನು ನೀರಿನ ಪಂಪಿಗೆ ಜೋಡಿಸಿ, ಒಂದು ವಾರ ಸುಮ್ನೆ ಓಡಿಸಿ. ಎಲ್ಲಿ ಸವೆಯಿತು ಅಂತ ಫೋಟೊ ಹಾಕಿ, ನೋಡೋಣ.