ರಾಜೀನಾಮೆಗೆ ಸಹಿ ಹಾಕುವ ಮುನ್ನ

ಸಲಹೆಗೆಂದು ನನ್ನ ಬಳಿ ಬಂದ ಕಾರ್ಮಿಕರೊಬ್ಬರ ಮೊದಲ ಭೇಟಿಯ ಅರ್ಧ ಗಂಟೆಯನ್ನು ವ್ಯರ್ಥ ಮಾಡಿದವಳು ನಾನೇ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಕೇಳುತ್ತ ಕುಳಿತೆ. ಅವರು ಎಲ್ಲದಕ್ಕೂ ‘ಹೂಂ’ ಎನ್ನುತ್ತ, ಕುರ್ಚಿಯ ಕೈಯಲ್ಲಿ ಸಡಿಲವಾಗಿದ್ದ ಸ್ಕ್ರೂ ಒಂದನ್ನು ಉಗುರಿನಿಂದಲೇ ತಿರುಗಿಸಿ ಹೊರತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ ನೋಡುತ್ತಿದ್ದರು. “ತಲೆ ಆಗಲೇ ಸವೆದಿದೆ ಮೇಡಂ. ಹೊರಗಿನ ಮಾಲು” ಎಂದರು. ಅವರು ಆಡಿದ ಮೊದಲ ಪೂರ್ತಿ ಮಾತು ಅದು.

ಅವರನ್ನು ಇಲ್ಲಿ ಮೇಸ್ತ್ರಿ ಎಂದು ಕರೆಯುತ್ತೇನೆ. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 44. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ 19 ವರ್ಷ ಸ್ಕ್ರೂಗೆ ಥ್ರೆಡ್ ಹಾಕುವ ಯಂತ್ರ ನಡೆಸಿದವರು. ಸಂಬಳ 18,000 ರೂಪಾಯಿ. 2023ರ ಮಾರ್ಚ್‌ನಲ್ಲಿ ಮಾಲೀಕರು ಅರವತ್ತು ಚಿಲ್ಲರೆ ಕೆಲಸಗಾರರನ್ನು ಕೂರಿಸಿಕೊಂಡು, ತಾವು ತಂತಿ ಕೊಳ್ಳುವ ಬೆಲೆಗೆ ಚೀನಾದಿಂದ ತಯಾರಾದ ಸ್ಕ್ರೂವೇ ಬಂದು ಬೀಳುತ್ತಿದೆ, ಗೋದಾಮಿನಲ್ಲಿ ಮಾಲು ಕೊಳೆಯುತ್ತಿದೆ, ಬಾಗಿಲು ಹಾಕುತ್ತೇನೆ ಎಂದಿದ್ದರು. ಅಂದಿನಿಂದ ಇವರು ಮನೆಯಲ್ಲಿ ಮಾತು ಬಿಟ್ಟಿದ್ದರು. ಕರೆತಂದವರು ಹೆಂಡತಿ.

ಹೊರಡುವ ಹೊತ್ತಿಗೆ ಆ ತಾಯಿ ಗಂಡನ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ‘ವೈಯಕ್ತಿಕ ಕಾರಣದಿಂದ ಸ್ವಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ’ ಎಂಬುದು ಅದರ ತಾತ್ಪರ್ಯ. ಶನಿವಾರದೊಳಗೆ ಸಹಿ ಹಾಕಿದರೆ ಮೂರು ತಿಂಗಳ ಸಂಬಳ ಕೈಗೆ. ಅಂದು ಗುರುವಾರ.

ನಿದ್ದೆಯ ವಿಚಾರ ಪಕ್ಕಕ್ಕಿಟ್ಟು ನಾನು ಹೇಳಿದ್ದು ಒಂದೇ: ಇದಕ್ಕೆ ಸಹಿ ಹಾಕಬೇಡಿ. ಕಾರ್ಖಾನೆ ಮುಚ್ಚುತ್ತಿರುವುದು ಅವರು, ಕೆಲಸ ಬಿಡುತ್ತಿರುವುದು ನೀವಲ್ಲ. ಅದನ್ನೇ ಕಾಗದದ ಮೇಲೆ ಬರೆದುಕೊಡಲಿ.

“ಹತ್ತೊಂಬತ್ತು ವರ್ಷ ಅನ್ನ ಹಾಕಿದ್ದಾರೆ. ಉಂಡ ಮನೆಗೆ ಎರಡು ಬಗೆಯುವುದು ಹೇಗೆ?” ಎಂದರು ಮೇಸ್ತ್ರಿ.

ಈ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರವಿಲ್ಲ. ಅವರ ಸಂಬಳ ಚೀಟಿಯಲ್ಲಿ ಸಿಕ್ಕಿತು. ಇಎಸ್‌ಐಗೆ, ಅಂದರೆ ಕಾರ್ಮಿಕರ ರಾಜ್ಯ ವಿಮೆಗೆ, ಶೇ 0.75ರಂತೆ ತಿಂಗಳಿಗೆ 135 ರೂಪಾಯಿ ಕಡಿತ, ಶೇ 3.25ರಂತೆ ಮಾಲೀಕರ ಪಾಲು 585. ಆ ಸಾಲಿನ ಮೇಲೆ ಬೆರಳಿಟ್ಟು, ನೀವು ಬೇಡುತ್ತಿಲ್ಲ, ಕಟ್ಟಿದ್ದನ್ನು ಕೇಳುತ್ತಿದ್ದೀರಿ ಎಂದೆ. ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಆ ಸಾಲನ್ನು ಜ್ವರದ ಮಾತ್ರೆಯ ಲೆಕ್ಕ ಎಂದುಕೊಂಡಿದ್ದರಂತೆ.

ಹೊರಗಿನ ಮಾಲಿನಿಂದ ಕೆಲಸ ಹೋದವರಿಗೆಂದೇ ಸರ್ಕಾರದ ಯೋಜನೆ ಇದೆಯೇ ಎಂದು ಹೆಂಡತಿ ಕೇಳಿದರು. ನಮ್ಮಲ್ಲಿ ಇಲ್ಲ. ಅಮೆರಿಕ 1962ರಲ್ಲೇ ಅಂಥದ್ದೊಂದನ್ನು ಶುರುಮಾಡಿತ್ತು; 2022ರ ಜುಲೈನಿಂದ ಅಲ್ಲಿಯೂ ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತಿದೆ. ಆಮದಿನ ಮೇಲೆ ಸುಂಕ ಹಾಕಿದರೆ ಅದು ಕಾರ್ಖಾನೆಗೆ ಆಸರೆ, ಕೆಲಸ ಕಳೆದುಕೊಂಡವನ ಕೈಗೆ ಅದರಿಂದ ನೇರವಾಗಿ ಏನೂ ಬರುವುದಿಲ್ಲ. ಇವರ ಪಾಲಿಗೆ ಇದ್ದದ್ದು ಇಎಸ್‌ಐನ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ, 2005ರ ಏಪ್ರಿಲ್‌ನಿಂದ ಇರುವಂಥದ್ದು. ಕನಿಷ್ಠ ಎರಡು ವರ್ಷ ವಂತಿಗೆ ಕಟ್ಟಿದವರ ಕೆಲಸ ಕಾರ್ಖಾನೆ ಮುಚ್ಚಿ ಹೋದರೆ ಮೊದಲ ವರ್ಷ ದಿನದ ಸರಾಸರಿ ಕೂಲಿಯ ಅರ್ಧ, ಎರಡನೆಯ ವರ್ಷ ಕಾಲು ಭಾಗ ಭತ್ಯೆ. ಆ ಅವಧಿಯಲ್ಲಿ ಕುಟುಂಬಕ್ಕೆ ಚಿಕಿತ್ಸೆಯೂ ಉಂಟು. ಮೇಸ್ತ್ರಿಯ ಲೆಕ್ಕಕ್ಕೆ ತಿಂಗಳಿಗೆ ಸುಮಾರು 9,000, ಆಮೇಲೆ 4,500. ಆ ಹಾಳೆಗೆ ಸಹಿ ಬಿದ್ದಿದ್ದರೆ ಇದರ ದಾರಿ ಮುಚ್ಚುತ್ತಿತ್ತು.

ಉಪಧನವನ್ನು (ಗ್ರಾಚ್ಯುಟಿ) ಯಾರೂ ತಡೆಯುವಂತಿರಲಿಲ್ಲ. ಮೂಲ ವೇತನ, ತುಟ್ಟಿಭತ್ಯೆ ಸೇರಿ 14,300. 26ರಿಂದ ಭಾಗಿಸಿ, 15ರಿಂದ ಗುಣಿಸಿ, 19 ವರ್ಷಕ್ಕೆ 1,56,750. ಭವಿಷ್ಯನಿಧಿಗೆ (ಪಿಎಫ್) ಸದ್ಯ ಕೈಹಾಕಬೇಡಿ ಎಂದೆ.

ಜಗಳವಿದ್ದದ್ದು ಮುಚ್ಚುವಿಕೆಯ ಪರಿಹಾರದಲ್ಲಿ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ, ತುಂಬಿದ ಪ್ರತಿ ವರ್ಷದ ದುಡಿಮೆಗೆ 15 ದಿನದ ಸರಾಸರಿ ವೇತನ. ಇವರಿಗೆ ಸುಮಾರು 1,71,000. ಮಾಲೀಕನ ಕೈಮೀರಿದ, ತಪ್ಪಿಸಲಾಗದ ಕಾರಣಕ್ಕೆ ಮುಚ್ಚಿದರೆ ಮಾತ್ರ ಮೂರು ತಿಂಗಳ ವೇತನದ ಮಿತಿ, ಅಂದರೆ 54,000. ಚೀನಾ ಮಾಲು ನಮ್ಮ ಕೈಮೀರಿದ್ದಲ್ಲವೇ ಎಂಬುದು ಮಾಲೀಕರ ಕಡೆಯ ವಾದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಬರೀ ನಷ್ಟ, ಬರೀ ಮಾರಾಟವಾಗದೆ ಉಳಿದ ದಾಸ್ತಾನು ಅಂಥ ಕಾರಣವಾಗುವುದಿಲ್ಲ ಎಂದು ಅದೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ. ಕಾರ್ಮಿಕ ಇಲಾಖೆಗೆ ಒಟ್ಟಾಗಿ ಹೋಗಿ, ಒಬ್ಬೊಬ್ಬರೇ ಹೋಗಬೇಡಿ ಎಂದು ಕಳಿಸಿದೆ. (2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇದು ಅದಕ್ಕೂ ಹಿಂದಿನ ಮಾತು.)

ಇಪ್ಪತ್ತೆರಡು ಜನ ಶನಿವಾರವೇ ಸಹಿ ಹಾಕಿದರು. ಅವರನ್ನು ದೂರಲಾರೆ, ಶಾಲೆಯ ಶುಲ್ಕ ಕಟ್ಟುವ ಕಾಲವದು. ಮೇಸ್ತ್ರಿ ಹಾಕಲಿಲ್ಲ. ಮೂರನೆಯ ಭೇಟಿಯಲ್ಲಿ ನಿದ್ದೆಯ ಬಗ್ಗೆ ಅವರೇ ಮಾತೆತ್ತಿದರು: ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಕಿವಿ ಯಂತ್ರದ ಸದ್ದಿಗೆ ಕಾಯುತ್ತದೆ. ಬೆಳಿಗ್ಗೆ ಮೊದಲಿನ ಹೊತ್ತಿಗೇ ಎದ್ದು ಸ್ನಾನ ಮಾಡಿ, ಕಚೇರಿಗಳ ಓಡಾಟವನ್ನೇ ಪಾಳಿಯಂತೆ ಇಟ್ಟುಕೊಳ್ಳಿ ಎಂದೆ. ಮಕ್ಕಳಿಗೆ ನಿಜ ಹೇಳಿ ಎಂದೂ ಹೇಳಿದೆ. ಹೇಳಲು ಅವರಿಗೆ ಎರಡು ವಾರ ಬೇಕಾಯಿತು. ಎಂಟನೆಯ ತರಗತಿಯ ಮಗಳು “ನನಗೆ ಆಗಲೇ ಗೊತ್ತಿತ್ತು ಅಪ್ಪ, ನಿಮ್ಮ ಅಂಗಿಯಲ್ಲಿ ಎಣ್ಣೆ ವಾಸನೆ ಇರಲಿಲ್ಲ” ಎಂದಳಂತೆ.

ಭತ್ಯೆಯ ಮೊದಲ ಕಂತು ಬರಲು ನಾಲ್ಕು ತಿಂಗಳಾಯಿತು.

2024ರ ಜನವರಿಯಲ್ಲಿ ಅವರು ಪತ್ರಿಕೆ ಹಿಡಿದು ಬಂದರು. ಕಿಲೋಗೆ 129 ರೂಪಾಯಿಗಿಂತ ಕಡಿಮೆ ಬೆಲೆಯ ಸ್ಕ್ರೂಗಳ ಆಮದನ್ನು ಕೇಂದ್ರ ಸರ್ಕಾರ ನಿಷೇಧಿಸಿತ್ತು. ಅಷ್ಟರಲ್ಲಿ ಅವರ ಯಂತ್ರ ಗುಜರಿಗೆ ಹೋಗಿ ಐದು ತಿಂಗಳಾಗಿತ್ತು. ಸುದ್ದಿಯನ್ನು ಎರಡು ಸಲ ಓದಿಸಿಕೊಂಡು, ನಕ್ಕು, ಬಂದ ಕೆಲಸ ಹೇಳಿದರು: ದಾಬಸ್‌ಪೇಟೆಯ ಕಡೆ 15,000ಕ್ಕೆ ಕೆಲಸ ಸಿಕ್ಕಿದೆ, ಸೇರಿದರೆ ಭತ್ಯೆ ನಿಲ್ಲುತ್ತದೆಯೇ? ನಿಲ್ಲುತ್ತದೆ, ಸೇರಿದ ದಿನವೇ ಇಎಸ್‌ಐ ಶಾಖೆಗೆ ತಿಳಿಸಿ ಎಂದೆ. ಪರಿಹಾರದ ವಿಚಾರಣೆ ಫೆಬ್ರವರಿಗೆ ಮುಂದೆ ಹೋಗಿತ್ತು. ಅಂದು ಒಂದು ದಿನದ ರಜೆ ಸಿಗುತ್ತದೆಯೇ ಎಂದು ಹೊಸ ಮಾಲೀಕರನ್ನು ಮೊದಲೇ ಕೇಳಿಕೊಂಡು ಬಂದಿದ್ದರು.