ಟ್ರೆಡ್‌ಮಿಲ್ ಇರಲಿ, ಹಾಲಿನ ಬೂತಿಗೆ ನಡೆದು ಹೋಗಿ

ಅರಸೀಕೆರೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಕಾಗದದ ಸಾರ ಇಷ್ಟು:

“ನನಗೆ 54 ವರ್ಷ. 2025ರ ಮೇ, ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಹೋದ ಸುದ್ದಿ ಕೇಳಿ ಮನೆಮಂದಿಯೆಲ್ಲ ಹೆದರಿಬಿಟ್ಟೆವು. ಕಂತಿನ ಮೇಲೆ ಟ್ರೆಡ್‌ಮಿಲ್ ತಂದೆ. ಹೆಜ್ಜೆ ಎಣಿಸುವ ವಾಚು ಕಟ್ಟಿಕೊಂಡೆ. ಹತ್ತು ಸಾವಿರ ತುಂಬದಿದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ನನ್ನ ಹೆಂಡತಿ ಮಾತ್ರ, ‘ಹಾಲಿನ ಬೂತಿಗೆ ಸ್ಕೂಟರಲ್ಲಿ ಹೋಗಿ ಬಂದು ಮನೆಯೊಳಗೆ ನಡೀತೀರಲ್ಲ’ ಎಂದು ಆಡಿಕೊಳ್ಳುತ್ತಾಳೆ. ಜಿಮ್ ಮೇಲೋ ವಾಕಿಂಗ್ ಮೇಲೋ, ನೀವೇ ತೀರ್ಮಾನ ಹೇಳಿ. ಹೃದಯಕ್ಕೆ ಒಳ್ಳೆಯದಾದ ಊಟದ ಪಟ್ಟಿಯನ್ನು ನಿಮ್ಮ ಪತ್ರಿಕೆಯಲ್ಲಿ ಯಾಕೆ ಹಾಕುವುದಿಲ್ಲ?” ಸಹಿಯ ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲು: “ಈಚೆಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಹೋಗುತ್ತದೆ. ಗ್ಯಾಸ್ಟ್ರಿಕ್ ಇರಬೇಕು. ಸೋಡಾ ಕುಡಿಯುತ್ತೇನೆ.”

ಆ ಚಿಕ್ಕ ಅಕ್ಷರದ ಸಾಲಿನಿಂದಲೇ ಶುರು ಮಾಡುತ್ತೇನೆ. ಕಾಗದ ಕೈಗೆ ಬಂದ ದಿನವೇ ನಿಮಗೆ ಫೋನ್ ಮಾಡಿದ್ದೆ. ಇಲ್ಲಿ ಮತ್ತೆ ಬರೆಯುತ್ತಿರುವುದು, ಇದೇ ಸಾಲನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಸುಮ್ಮನಿರುವ ಉಳಿದ ಓದುಗರಿಗಾಗಿ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಅಲ್ಲಿನ ವೈದ್ಯರ ಮುಂದೆ ಒಂದು ಕಾಯಿಲೆಯನ್ನು ವಿವರಿಸಿದ. ನಡೆಯುವಾಗ ಎದೆ ಹಿಡಿಯುತ್ತದೆ. ಏರು ಹತ್ತಿದರೆ, ಊಟವಾದ ಕೂಡಲೇ ನಡೆದರೆ ಇನ್ನೂ ಬೇಗ ಹಿಡಿಯುತ್ತದೆ. ನಿಂತರೆ ಬಿಡುತ್ತದೆ. ಆಗ ಇಸಿಜಿ ಇರಲಿ, ಸ್ಟೆತೊಸ್ಕೋಪ್ ಕೂಡ ಹುಟ್ಟಿರಲಿಲ್ಲ. ರೋಗಿಗಳು ಹೇಳಿದ್ದನ್ನು ಕಿವಿಗೊಟ್ಟು ಕೇಳಿ ಅವನು ಅದಕ್ಕೆ ಆಂಜೈನಾ ಎಂದು ಹೆಸರಿಟ್ಟ. ಎರಡೂವರೆ ಶತಮಾನದ ಮೇಲೆ ಅರಸೀಕೆರೆಯಿಂದ ನೀವು ಅದನ್ನೇ ಬರೆದಿದ್ದೀರಿ. ಹೃದಯದ ಸ್ನಾಯುವಿಗೆ ರಕ್ತ ತರುವ ನಾಳ ಕಿರಿದಾದಾಗ, ಕೂತಿದ್ದರೆ ಸಾಲುವ ರಕ್ತ ಮೆಟ್ಟಿಲು ಹತ್ತುವಾಗ ಸಾಲುವುದಿಲ್ಲ. ಸೋಡಾ ಕುಡಿಯುವಾಗ ನೀವು ನಿಂತಿರುತ್ತೀರಿ ಅಥವಾ ಕೂತಿರುತ್ತೀರಿ. ನೋವು ಇಳಿದದ್ದು ಅದಕ್ಕೇ ಇರಬಹುದು, ಹೆಸರು ಮಾತ್ರ ಸೋಡಾಕ್ಕೆ ಬಂತು. ಡಾಕ್ಟರ ಹತ್ತಿರ ಹೋಗಿ. ಮಲಗಿಸಿ ತೆಗೆದ ಇಸಿಜಿ ಸರಿಯಾಗಿ ಬಂದರೂ ಅಷ್ಟಕ್ಕೇ ಎದ್ದು ಬರಬೇಡಿ. ಮೆಟ್ಟಿಲಿನ ಕಥೆಯನ್ನು ಬಾಯಿಬಿಟ್ಟು ಪೂರ್ತಿ ಹೇಳಿ. ಅವರು ನೋಡಿ ಹೇಳುವ ತನಕ ಟ್ರೆಡ್‌ಮಿಲ್ಲೂ ಬೇಡ, ನಿಮ್ಮೂರ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲೂ ಬೇಡ. ಕೂತಾಗಲೂ ನೋವು ಬಿಡದಿದ್ದರೆ, ಬೆವರು ಕಿತ್ತುಕೊಂಡು ಬಂದರೆ, ಎಡಗೈಗೋ ದವಡೆಗೋ ಹರಿದರೆ, ಆಗ ಯಾರನ್ನೂ ಕೇಳುತ್ತ ಕೂರದೆ ನೇರ ಆಸ್ಪತ್ರೆಗೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ದುಡ್ಡಿಲ್ಲದೆ ಕೊಡುವ ಏರ್ಪಾಡು ಇದೆ.

ಇನ್ನು ಜಿಮ್ಮೋ ನಡಿಗೆಯೋ. ಜಿಮ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಐವತ್ತು ದಾಟಿದ ಮೇಲೆ ಮೈಯ ಮಾಂಸಖಂಡ ಕರಗುತ್ತ ಹೋಗುತ್ತದೆ, ಅಳತೆಯರಿತು ಭಾರ ಎತ್ತಿದರೆ ಉಪಕಾರವೇ. ಮಳೆ ಹಿಡಿದು ಕೂತ ದಿನ ಟ್ರೆಡ್‌ಮಿಲ್ಲೂ ಕೆಲಸಕ್ಕೆ ಬರುತ್ತದೆ. ಇಷ್ಟು ಹೇಳಿ ಆ ಕಡೆಯ ಬಾಗಿಲು ಮುಚ್ಚುತ್ತೇನೆ. ನನ್ನ ಮನಸ್ಸೆಲ್ಲ ಇರುವುದು ನಿಮ್ಮ ಮನೆಯವರು ಆಡಿದ ಮಾತಿನಲ್ಲಿ. ನಾಲ್ಕು ಪುಟದ ಕಾಗದದಲ್ಲಿ ತೂಕವಿರುವುದು ಅದೊಂದಕ್ಕೇ.

ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧ ಮುಗಿದ ಕಾಲ. ಹೃದಯಾಘಾತ ಯಾಕೆ ಏರುತ್ತಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಜೆರಿ ಮಾರಿಸ್ ಎಂಬ ವೈದ್ಯ ಬಸ್ ಸಿಬ್ಬಂದಿಯ ಕಾಯಿಲೆ ರಜೆಯ ದಾಖಲೆ, ಸಾವಿನ ದಾಖಲೆ ತೆಗೆದು ಕೂತ. ಡ್ರೈವರ್, ಕಂಡಕ್ಟರ್ ಇಬ್ಬರದೂ ಒಂದೇ ಬಸ್ಸು, ಒಂದೇ ಊರಿನ ಗಾಳಿ, ಹೆಚ್ಚುಕಡಿಮೆ ಒಂದೇ ತರಹದ ಮನೆ, ಊಟ. ಡ್ರೈವರ್ ಪಾಳಿ ಪೂರ್ತಿ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ದಿನಕ್ಕೆ ಐನೂರು ಆರುನೂರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆ, ಬಂದರೂ ತಡವಾಗಿ ಬರುತ್ತಿತ್ತು, ಬಂದಾಗ ಬದುಕುವವರೂ ಹೆಚ್ಚು. 1953ರಲ್ಲಿ ಇದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಡ್ರೈವರುಗಳು ದಪ್ಪಗಿದ್ದರು, ಅದಕ್ಕೇ ಹೀಗೆ ಎಂದು ಕೆಲವರು ತಕರಾರು ತೆಗೆದರು. ಮಾರಿಸ್ ಸಮವಸ್ತ್ರ ಹೊಲಿಸಿದ ದಾಖಲೆಗಳಿಂದ ಪ್ಯಾಂಟಿನ ಸೊಂಟದಳತೆಯನ್ನೇ ತೆಗೆದ. ಡ್ರೈವರುಗಳ ಸೊಂಟ ದೊಡ್ಡದೇ ಇತ್ತು. ಆದರೆ ತೆಳ್ಳಗಿನ ಡ್ರೈವರನ್ನು ತೆಳ್ಳಗಿನ ಕಂಡಕ್ಟರ್ ಪಕ್ಕ ಇಟ್ಟು ನೋಡಿದರೂ ಗೆದ್ದವನು ಕಂಡಕ್ಟರೇ. ಮುಂದೆ ಅಂಚೆ ಇಲಾಖೆಯಲ್ಲೂ ಕಂಡದ್ದು ಇದೇ. ನಡೆದು, ಸೈಕಲ್ ತುಳಿದು ಕಾಗದ ಹಂಚುವವರು ಮೇಜಿನ ಮುಂದೆ ಕೂತವರಿಗಿಂತ ಗಟ್ಟಿಯಾಗಿದ್ದರು. ಮಾರಿಸ್ ತೀರಿಕೊಂಡದ್ದು 2009ರಲ್ಲಿ, 99ರ ವಯಸ್ಸಿನಲ್ಲಿ.

ಆ ಕಂಡಕ್ಟರ್‌ಗಳಲ್ಲಿ ಯಾರೂ ವ್ಯಾಯಾಮ ಮಾಡುತ್ತಿದ್ದೇವೆಂದು ಅಂದುಕೊಂಡವರಲ್ಲ. ಹೊಟ್ಟೆಪಾಡಿಗೆ ಹತ್ತಿದರು, ಇಳಿದರು. ನಾನು ಮೂವತ್ತು ವರ್ಷದಿಂದ ಕಂಡಕಂಡವರಿಗೆ ಹೇಳಿಕೊಂಡು ಬಂದಿರುವುದು ಇಷ್ಟೇ: ಹೃದಯವನ್ನು ಕಾಯುವುದು ದಿನದ ಕೆಲಸದಲ್ಲಿ ಬೆರೆತುಹೋದ ನಡಿಗೆ. ಅದಕ್ಕೆಂದು ಬೇರೆ ತೆಗೆದಿಟ್ಟ ಒಂದು ಗಂಟೆ ಮೂರನೇ ವಾರಕ್ಕೆ ತಪ್ಪುತ್ತದೆ. ಹಾಲು ತರುವುದು ತಪ್ಪುವುದಿಲ್ಲ.

ನಿಮ್ಮ ಜಿಲ್ಲೆಯ ಮಾತಿಗೇ ಬರೋಣ. ಆ ಸಾವುಗಳ ಬಗ್ಗೆ ಊರೆಲ್ಲ ಹಬ್ಬಿದ್ದು ಕೋವಿಡ್ ಲಸಿಕೆಯ ಗುಮಾನಿ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ ಎಂದಿತು. ತೀರಿಕೊಂಡವರಲ್ಲಿ ಆಟೊ, ಕ್ಯಾಬ್ ಓಡಿಸುವವರೂ ಇದ್ದರು ಎಂದು ಓದಿದಾಗ ನನಗೆ ನೆನಪಾದದ್ದು ಮಾರಿಸ್‌ನ ಡ್ರೈವರುಗಳು. ದಿನಕ್ಕೆ ಹನ್ನೆರಡು ಗಂಟೆ ಸೀಟಿನಲ್ಲಿ, ಹೊಗೆಯ ನಡುವೆ, ಹೊತ್ತಿಗೆ ಊಟವಿಲ್ಲದೆ ಕೂರುವ ಆ ಮಕ್ಕಳ ಬಗ್ಗೆ ಮಾತಾಡುವವರು ಯಾರು? ಜಯದೇವದ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತದ್ದನ್ನು ಟೀವಿಯಲ್ಲಿ ತೋರಿಸಿದರು. ಸಾಲು ಕರಗಿತು, ಮಾತೂ ಕರಗಿತು.

ನಿಮ್ಮ ವಾಚಿನ ಹತ್ತು ಸಾವಿರಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಆ ಲೆಕ್ಕ ಯಾವ ಆಸ್ಪತ್ರೆಯಲ್ಲೂ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದು ‘ಮಾನ್ಪೊಕೇ’ ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅದರ ಅರ್ಥ. ಮಾರುವ ಹೆಸರು ಲೋಕಕ್ಕೆಲ್ಲ ಆರೋಗ್ಯದ ಸೂತ್ರವಾಯಿತು. 2019ರಲ್ಲಿ ಹಾರ್ವರ್ಡ್‌ನವರು ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿದರು. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆ ಇತ್ತು. 7,500ರ ಹತ್ತಿರ ಹತ್ತಿರ ಬಂದಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಲಾಭದ ದೊಡ್ಡ ಪಾಲು ಸಿಗುವುದು ಕೂತವರು ಎದ್ದಾಗ.

ನಮ್ಮ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. ಮೂರು ಮೈಲಿ ದೂರದ ಹಳ್ಳಿಯಿಂದ ಟೈರ್ ಚಪ್ಪಲಿ ಮೆಟ್ಟಿಕೊಂಡು, ಹೆಗಲ ಟವೆಲಿನ ತುದಿಗೆ ಬುತ್ತಿ ಕಟ್ಟಿಕೊಂಡು ನಡೆದು ಬರುತ್ತಿದ್ದರು. ಎಷ್ಟು ದೂರ ಎಂದು ಕೇಳಿದರೆ, “ಎರಡು ಎಲೆ ಅಡಿಕೆ ದೂರ” ಎನ್ನುತ್ತಿದ್ದರು. ಮೊಳೆಯ ಪೆಟ್ಟಿಗೆಯ ಮುಂದೆ ದಿನವಿಡೀ ನಿಂತೇ ಕೆಲಸ. ಸಂಜೆ ಮತ್ತೆ ಮೂರು ಮೈಲಿ. ನಾನು ಹೊಸದಾಗಿ ಸೇರಿದಾಗ ಒಂದು ಸಂಜೆ ಅವರ ಜೊತೆ ಹೊರಟು, ಕೆರೆ ಏರಿಯ ಮೇಲೆ ಏದುಸಿರು ಬಿಡುತ್ತ ನಿಂತೆ. ಅವರು ಹಿಂದಿರುಗಿ ನೋಡಿ, ನನ್ನ ಮೀನಖಂಡವನ್ನು ಕೈಯಲ್ಲಿ ಒತ್ತಿ, “ಇದು ಗಟ್ಟಿ ಇಲ್ಲದಿದ್ರೆ ಎದೆ ಒಂದೇ ಎಷ್ಟು ಎಳೆಯತ್ತೆ ಮರಿ” ಎಂದರು. ವರ್ಷಗಳ ಮೇಲೆ ಓದಿ ತಿಳಿದೆ. ಕಾಲಿಗೆ ಇಳಿದ ರಕ್ತವನ್ನು ಮೇಲಕ್ಕೆ ದಬ್ಬುವುದು ಮೀನಖಂಡವೇ. ಅದಕ್ಕೆ ಎರಡನೇ ಹೃದಯ ಎಂದು ಹೆಸರುಂಟು. ನಡೆಯುವ ಕಾಲು ರಕ್ತದ ಸಕ್ಕರೆಯನ್ನು ತಾನೇ ಹೀರಿಕೊಳ್ಳುತ್ತದೆ. ರಕ್ತ ರಭಸವಾಗಿ ಹರಿದಾಗ ನಾಳ ಸಡಿಲಗೊಂಡು ಬಿ.ಪಿ. ಇಳಿಯುತ್ತದೆ. ಪ್ರಯೋಗಾಲಯದವರು ಇದನ್ನು ಹೇಳುವುದಕ್ಕೆ ಬಹಳ ಮೊದಲೇ ಹೆಬರ್ಡನ್ ಕೂಡ ಒಂದು ಮಾತು ಬರೆದಿಟ್ಟಿದ್ದ: ಎದೆನೋವಿನ ರೋಗಿಯೊಬ್ಬ ದಿನಕ್ಕೆ ಅರ್ಧ ಗಂಟೆ ಸೌದೆ ಕೊಯ್ಯುವ ಕೆಲಸ ಹಿಡಿದು ಹೆಚ್ಚುಕಡಿಮೆ ಗುಣವಾದ ಎಂದು. (ನೀವು ಡಾಕ್ಟರನ್ನು ಕಾಣದೆ ಗರಗಸ ಹಿಡಿಯಬೇಡಿ.)

ಆ ಹಿರಿಯರ ಎಲೆ ಅಡಿಕೆಯಲ್ಲಿ ಹೊಗೆಸೊಪ್ಪು ಇರುತ್ತಿರಲಿಲ್ಲ. ಇದನ್ನು ಹೇಳಲೇಬೇಕು. 52 ದೇಶಗಳಲ್ಲಿ ನಡೆದು 2004ರಲ್ಲಿ ಬಂದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ನಮ್ಮ ಬೆಂಗಳೂರಿನ ವೈದ್ಯರೂ ಇದ್ದರು. ಮೊದಲ ಹೃದಯಾಘಾತಕ್ಕೆ ಕಾರಣವೆಂದು ಅದು ಎತ್ತಿ ತೋರಿಸಿದ್ದರಲ್ಲಿ ತಂಬಾಕು ಮುಂದಿನ ಸಾಲಿನಲ್ಲಿದೆ. ನಮ್ಮ ಉಪಖಂಡದವರಿಗೆ ಆಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂದೂ ಅದು ಹೇಳಿತು. ಬೀಡಿ, ಗುಟ್ಕಾ ಬಿಡದೆ ಎಷ್ಟು ನಡೆದರೂ ತೂತು ಬಿಂದಿಗೆಗೆ ನೀರು ಹೊತ್ತಂತೆ.

ಊಟದ ಪಟ್ಟಿ ಹಾಕುವುದಿಲ್ಲ. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ತಿಂದು ಬೆಳೆದವರಿಗೆ ಓಟ್ಸ್ ಪಾಠ ಹೇಳಲು ನನಗೆ ಮನಸ್ಸಿಲ್ಲ. ಒಂದೇ ಲೆಕ್ಕ ಕೊಡುತ್ತೇನೆ. ಒಬ್ಬರಿಗೆ ದಿನಕ್ಕೆ ಐದು ಗ್ರಾಂ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಆರುನೂರು ಗ್ರಾಂ. ಅದರೊಳಗೇ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಎಲ್ಲ ಬರಬೇಕು. ನಿಮ್ಮ ಮನೆಯ ಒಂದು ಕೇಜಿ ಪೊಟ್ಟಣ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ, ಪೊಟ್ಟಣದ ಮೇಲೆ ತಾರೀಖು ಬರೆದಿಟ್ಟು ನೋಡಿ.

ತೆಂಗಿನ ತೋಟ ಊರಿಂದ ಒಂದೂವರೆ ಕಿಲೋಮೀಟರ್, ದಿನಾ ಬೈಕಿನಲ್ಲಿ ಹೋಗಿಬರುತ್ತೇನೆ ಎಂದೂ ಬರೆದಿದ್ದೀರಿ. ನೀವೇ ಯೋಚಿಸಿ. ಅಪ್ಪ ಅಜ್ಜ ನಡೆದ ಅದೇ ಬದು, ಅದೇ ದಾರಿ ಇದೆ. ಹೋಗಿ ಬಂದರೆ ಮೂರು ಕಿಲೋಮೀಟರ್. ಸರಿರಾತ್ರಿ ಹಾವು ತುಳಿಯುತ್ತ ಪಂಪಿನ ಸ್ವಿಚ್ ಹಾಕಲು ಹೋಗುವ ಕಷ್ಟವನ್ನು ಮೊಬೈಲ್ ಸ್ಟಾರ್ಟರ್ ತಪ್ಪಿಸಿತು, ಒಳ್ಳೆಯದೇ ಆಯಿತು. ಹಗಲಿನ ನಡಿಗೆಯನ್ನು ಮಾತ್ರ ನೀವಾಗಿಯೇ ಬಿಟ್ಟುಕೊಟ್ಟು, ಆಮೇಲೆ ಅದನ್ನೇ ಕಂತಿನಲ್ಲಿ ಕೊಂಡಿರಿ.

ಇನ್ನೊಂದು ಆಕ್ಷೇಪಣೆ. ನಾಲ್ಕು ಪುಟದಲ್ಲಿ ನಿಮ್ಮ ಬಿ.ಪಿ., ನಿಮ್ಮ ಹೆಜ್ಜೆ, ನಿಮ್ಮ ನಿದ್ದೆ ಇದೆ. ಮನೆಯವರ ಬಿ.ಪಿ. ಎಷ್ಟು? ಹೆಂಗಸರಿಗೆ ಎದೆ ಹಿಡಿಯದೆ ಬರೀ ಸುಸ್ತು, ಓಕರಿಕೆ, ಬೆನ್ನುನೋವಾಗಿಯೂ ಹೃದಯಾಘಾತ ಬರುವುದುಂಟು. ಕೆಲಸ ಜಾಸ್ತಿಯಾಯಿತು ಎಂದು ಅವರೂ ಸುಮ್ಮನಾಗುತ್ತಾರೆ, ಮನೆಯ ಉಳಿದವರೂ ಸುಮ್ಮನಾಗುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ಇಬ್ಬರೂ ಹೋಗಿ.

ನೀವು ಬರೆದ ಒಂದು ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. “ನಡೆಯೋಣವೆಂದರೆ ರಸ್ತೆ ಎಲ್ಲಿದೆ?” ಕಳೆದ ವಾರ ನೋಟ್‌ಬುಕ್ ಹಿಡಿದು ನಮ್ಮ ಕಚೇರಿಯಿಂದ ಮಾರುಕಟ್ಟೆಯ ಹೂವಿನ ಸಾಲಿಗೆ ನಡೆದೆ. ಮುಕ್ಕಾಲು ಕಿಲೋಮೀಟರ್. ಹದಿನಾಲ್ಕು ಸಲ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದೆ. ಟ್ರಾನ್ಸ್‌ಫಾರ್ಮರ್, ಮರಳಿನ ಗುಡ್ಡೆ, ಮನೆ ಗೇಟಿನಿಂದ ಇಳಿಬಿಟ್ಟ ಇಳಿಜಾರು, ಸಾಲಾಗಿ ನಿಂತ ಬೈಕು, ಹುಟ್ಟುಹಬ್ಬದ ಫ್ಲೆಕ್ಸು. ಒಂದು ಕಡೆ ಚರಂಡಿಯ ಚಪ್ಪಡಿಯೇ ಇರಲಿಲ್ಲ. ನನ್ನ ಮುಂದೆ ಎಪ್ಪತ್ತು ದಾಟಿದ ಒಬ್ಬ ತಾಯಿ ತರಕಾರಿ ಚೀಲ ಹಿಡಿದು ಬಂದರು. ಚೀಲವನ್ನು ಮೊದಲು ಆಚೆ ದಡಕ್ಕೆ ಇಟ್ಟರು. ಸೀರೆಯ ನಿರಿಗೆ ಎತ್ತಿ ಹಿಡಿದರು. ಕಂಬಕ್ಕೆ ಕೈಕೊಟ್ಟು ಒಂದು ಕಾಲು ಚಾಚಿ, ಆಗದೆ ಹಿಂದೆ ತೆಗೆದು, ಸುತ್ತ ನೋಡಿದರು. ನಾನು ಕೈಕೊಟ್ಟು ದಾಟಿಸಿದೆ. “ನಾಳೆಯಿಂದ ಆಟೊದಲ್ಲೇ ಬರ್ತೀನಪ್ಪ” ಎಂದರು. ನಮ್ಮ ಊರಿನಲ್ಲಿ ಒಂದು ಆರೋಗ್ಯವಂತ ಹೃದಯ ನಡೆಯುವುದನ್ನು ನಿಲ್ಲಿಸಿದ್ದು ಹಾಗೆ.

ಹೂ ಮಾರುವವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಅರ್ಧ ಮೊಳ ಜಾಗದಲ್ಲಿ ಕೂರುತ್ತಾರೆ. ಸಿಟ್ಟು ಇರುವುದು ರಸ್ತೆ ಅಗಲ ಮಾಡುವಾಗ ಮೊದಲು ಫುಟ್‌ಪಾತನ್ನೇ ನುಂಗುವವರ ಮೇಲೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯಡಿ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಹೃದಯದ ಆಸ್ಪತ್ರೆ ಕಟ್ಟಲು ಹಣ ಕೊಡುತ್ತಾರೆ, ಕೊಡಲಿ, ಬೇಕು. ಆ ಆಸ್ಪತ್ರೆಗೆ ಜನ ಬಾರದಂತೆ ಕಾಯುವ ಚಪ್ಪಡಿ ಕಲ್ಲಿಗೆ ಹಣ ಕೇಳಿದರೆ ಕಡತ ಮುಂದೆ ಹೋಗುವುದಿಲ್ಲ. ಅರ್ಧ ಕಿಲೋಮೀಟರ್ ದೂರದ ಶಾಲೆಗೆ ಮಕ್ಕಳನ್ನು ವ್ಯಾನಿಗೆ ತುಂಬಿ ಕಳಿಸುತ್ತೇವೆ. ತಾಯಂದಿರನ್ನು ಬೈಯುವ ಹಾಗಿಲ್ಲ, ಆ ರಸ್ತೆಯಲ್ಲಿ ನಾನೂ ನನ್ನ ಮೊಮ್ಮಗಳ ಕೈ ಬಿಡುವುದಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕುವೆಂಪು ನಡೆಯುತ್ತಿದ್ದರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾಡು, ಕೆರೆಯ ದಂಡೆಯಲ್ಲಿ ಬಿಟ್ಟು ಇನ್ನೆಲ್ಲೂ ನಿಶ್ಚಿಂತೆಯಿಂದ ನಡೆಯಲಾಗದ ನಾಡಾಗಬೇಕೇ? ನಿಮ್ಮ ವಾರ್ಡಿನ ಸದಸ್ಯರಿಗೆ ಒಂದು ಅರ್ಜಿ ಬರೆಯಿರಿ. ರೈಲ್ವೆ ಸ್ಟೇಷನ್ನಿನಿಂದ ಶಿವಾಲಯದ ತನಕ ಎಷ್ಟು ಕಡೆ ಚಪ್ಪಡಿ ಕಿತ್ತಿದೆ ಎಂದು ಎಣಿಸಿ ಅದರಲ್ಲಿ ಸೇರಿಸಿ. ಅದರ ಪ್ರತಿ ನಮಗೆ ಕಳಿಸಿದರೆ ಪತ್ರಿಕೆಯಲ್ಲಿ ಜಾಗ ಕೊಡುವ ಹೊಣೆ ನನ್ನದು.

ಆದರೆ ಅದು ಎರಡನೇ ಕಾಗದವಾಗಲಿ. ಅಂದು ಫೋನಿನಲ್ಲಿ, “ಹಬ್ಬ ಮುಗೀಲಿ ಸಾರ್, ತೋರಿಸ್ತೀನಿ” ಎಂದಿರಿ. ಹಬ್ಬ ಮುಗಿದು ಒಂಬತ್ತು ದಿನವಾಯಿತು. ಡಾಕ್ಟರು ಏನೆಂದರು, ಮೊದಲು ಅದನ್ನು ಬರೆಯಿರಿ.

– ಸಂಪಾದಕ